ಹೆಸರಿನ ಮುಂದಿನ ಖಾಲಿ

ಕೆಮ್ಮು ಶುರುವಾದರೆ ಭೀಮಶ್ಯಾ ಗೋಡೆ ಹಿಡಿದು ಕುಕ್ಕರಗಾಲಿನಲ್ಲಿ ಕೂಡುತ್ತಿದ್ದ. ಮಲಗಿದರೆ ಉಸಿರು ಬರುತ್ತಿರಲಿಲ್ಲ. ನಿಂತರೆ ಕಾಲು ನಡುಗುತ್ತಿದ್ದವು. ಕೂತೇ ನಿದ್ದೆ, ಕೂತೇ ಊಟ. ಅನಸುಬಾಯಿ ಹಿಂದೆ ಕೂತು ಗಂಡನ ಬೆನ್ನು ತಿಕ್ಕುತ್ತಿದ್ದಳು. ಕೈಗೆ ಬರೇ ಎಲುಬು ಸಿಗುತ್ತಿತ್ತು. ಒಂದು ಕಾಲಕ್ಕೆ ಇದೇ ಬೆನ್ನು ಖಣಿಯ ತಳದಿಂದ ಫರ್ಸಿಯ ಚಪ್ಪಡಿ ಹೊತ್ತು ಮೇಲೆ ತರುತ್ತಿತ್ತು.

ಭಂಕೂರಿನ ಸುತ್ತ ಅವನು ಇಳಿಯದ ಖಣಿಯಿಲ್ಲ. ಕಬ್ಬಿಣದ ಹಾರಿ ಹಾಕಿ ಮೀಟಿ ಪದರು ಪದರಾಗಿ ಕಲ್ಲು ಎಬ್ಬಿಸಿದ. ವಯಸ್ಸು ಇಳಿದ ಮೇಲೆ ಕಲ್ಲು ಕೊಯ್ಯುವ ಮಷೀನಿಗೆ ಹಾಕಿದರು. ಅಲ್ಲಿ ಧೂಳು. ಮೂಗಿಗೆ ಟವೆಲ್ ಕಟ್ಟಿಕೊಂಡರೂ ಧೂಳು. ಸಂಜೆ ಮನೆಗೆ ಬಂದರೆ ರೆಪ್ಪೆ, ಮೀಸೆ, ಕಿವಿಯ ಸಂದಿ ಎಲ್ಲ ಬೆಳ್ಳಗೆ. ಆ ಕಲ್ಲು ಎಲ್ಲೆಲ್ಲೋ ಹೋಯಿತು. ಗೌಡರ ಪಡಸಾಲೆಗೆ, ಮಠದ ಕಟ್ಟೆಗೆ, ಕಚೇರಿಗಳ ನೆಲಕ್ಕೆ. ಧೂಳು ಮಾತ್ರ ಎಲ್ಲೂ ಹೋಗಲಿಲ್ಲ. ಅದು ಅವನ ಎದೆಯೊಳಗೇ ಉಳಿಯಿತು.

ಕಲಬುರಗಿಯ ಡಾಕ್ಟರು ಎಕ್ಸರೇ ಹಿಡಿದು ನೋಡಿ ನೇರವಾಗಿ ಹೇಳಿದರು.

"ಇದಕ್ಕ ಔಷಧ ಇಲ್ಲವ್ವ. ಗಾಳಿ ಕೊಡೋ ಮಷೀನು ಮನ್ಯಾಗ ಇಟ್ರ ಇನ್ನಾ ಕೆಲವು ವರ್ಷ ಇರ್ತಾನ. ಇಲ್ಲಂದ್ರ ಕಷ್ಟ ಅದ. ಖಣಿ ಮಂದಿಗೆ ನಿಧಿಯಿಂದ ಪುಕ್ಕಟೆ ಕೊಡ್ತಾರ. ಕಾರ್ಡ್ ಅದನ?"

"ಅದರಿ ಸಾಹೇಬ್ರ!"

ಕಾರ್ಡು ಇತ್ತು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೀರೆಗಳ ನಡುವೆ ಇಟ್ಟಿದ್ದಳು. ಖಣಿ ಕಾರ್ಮಿಕ ಭೀಮಶ್ಯಾ, ಭಂಕೂರ, ಅಂತ ಅದರ ಮೇಲೆ ಅಚ್ಚಾಗಿತ್ತು. ಫೋಟೋದಲ್ಲಿ ಗಲ್ಲ ತುಂಬಿಕೊಂಡಿದ್ದ. ಅವತ್ತು ವಾಪಸು ಬರುವಾಗ ಬಸ್ಸಿನಲ್ಲಿ ಅನಸುಬಾಯಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಪಾಪ, ಅವಳಿಗೇನು ಗೊತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಕಲ್ಲುಗಣಿ ಕಾರ್ಮಿಕರ ನಿಧಿಯ ಕಚೇರಿ ಚಿತ್ತಾಪುರದಲ್ಲಿತ್ತು. ಕೌಂಟರಿನಲ್ಲಿ ತಾಜುನ್ನಿಸಾ ಅನ್ನುವ ಹುಡುಗಿ ಕೂಡುತ್ತಿದ್ದಳು. ಗುತ್ತಿಗೆ ಮೇಲಿನ ಕೆಲಸ. ಕೆಟ್ಟವಳಲ್ಲ. ಅವ್ವಾ ಅಂತಲೇ ಮಾತಾಡಿಸುತ್ತಿದ್ದಳು.

"ನಿಮ್ಮ ಮನಿಯವ್ರ ಹೆಸರು ಹೇಳ್ರಿ ಅವ್ವಾ."

ಅನಸುಬಾಯಿಗೆ ಬಾಯಿ ಬರಲಿಲ್ಲ. ಮದುವೆಯಾದಾಗಿನಿಂದ ಗಂಡನ ಹೆಸರು ಅವಳ ಬಾಯಲ್ಲಿ ಬಂದಿಲ್ಲ. ನಮ್ಮವರು, ಇವರು, ಮನಿಯವರು. ಕಾರ್ಡು ಮುಂದೆ ತಳ್ಳಿದಳು. ಹುಡುಗಿ ಓದಿ, ಗುಂಡಿ ಬಡಿದು, ಪರದೆ ನೋಡಿದಳು.

"ತಾಳೆ ಆಗವಲ್ದು."

"ಏನು ಆಗವಲ್ದು?"

"ಹೆಸರು. ನಮ್ಮ ಕಂಪ್ಯೂಟರಿನ್ಯಾಗಿಂದೂ ಆಧಾರಿನ್ಯಾಗಿಂದೂ ಒಂದೇ ಇರ್ಬೇಕು. ಬ್ಯಾರೆ ಬ್ಯಾರೆ ಅವ ಅಂತ ತೋರಸಾಕತ್ತದ."

"ಓದ್ರಿ ಮತ್ತ, ನೋಡೂಣು."

ಹುಡುಗಿ ಓದಿದಳು. ಇದರಲ್ಲಿ ಭೀಮಶ್ಯಾ. ಅದರಲ್ಲಿ ಭೀಮಶ್ಯಾ. ಅವಳಿಗೇ ನಗು ಬಂತು, ಆಮೇಲೆ ನಾಚಿಕೆ ಬಂತು. ಮುಂದಿನ ವಾರ ಬರ್ರಿ ಅಂದಳು.

ಮುಂದಿನ ವಾರವೂ ಅದೇ. ಅದರ ಮುಂದಿನ ವಾರವೂ ಅದೇ. ಹೋದಾಗಲೆಲ್ಲ ಅನಸುಬಾಯಿಗೆ ಕೂಲಿ ಹಾಳು. ಮನೆಯಲ್ಲಿ ಗಂಡ ಗೋಡೆಗೆ ಕೂತಿರುತ್ತಿದ್ದ. ಇವತ್ತಾದರೂ ಆಯಿತೇನು ಅಂತ ಕಣ್ಣಲ್ಲೇ ಕೇಳುತ್ತಿದ್ದ. ಮಾತಾಡಲು ಉಸಿರು ಬೇಕಲ್ಲ, ಕಣ್ಣಲ್ಲೇ ಕೇಳುತ್ತಿದ್ದ. ಕೊನೆಗೆ ಅನಸುಬಾಯಿ ರೂಢಿ ಗೀಢಿ ಎಲ್ಲ ಬಿಟ್ಟಳು. ಕೌಂಟರಿನ ಕಟ್ಟೆ ಬಡಿದು ಒದರಿದಳು: "ಭೀಮಶ್ಯಾ! ಭೀಮಶ್ಯಾ ಅಂತ ನನ್ನ ಗಂಡನ ಹೆಸರು! ಅದರಾಗೂ ಅದೇ, ಇದರಾಗೂ ಅದೇ! ಇನ್ನ್ಯಾಂಗ ಹೇಳ್ಬೇಕವ್ವ ನಿನಗ?"

ಸಾಲಿನವರೆಲ್ಲ ತಿರುಗಿ ನೋಡಿದರು. ತಾಜುನ್ನಿಸಾಳ ಮುಖ ಕೆಂಪಾಯಿತು. ಅವತ್ತು ಮಧ್ಯಾಹ್ನ ಬುತ್ತಿ ಬಿಚ್ಚದೆ ಪರದೆಯ ಮುಂದೆ ಆ ಹೆಸರನ್ನೇ ಹಿಡಿದು ಕೂತಳು. ಎಷ್ಟೋ ಹೊತ್ತಿನ ಮೇಲೆ ಅನಸುಬಾಯಿಯನ್ನು ಒಳಗೆ ಕರೆದು ಪರದೆಯ ಮುಂದೆ ನಿಲ್ಲಿಸಿದಳು.

"ಈ ಗೀಟು ನೋಡ್ರಿ ಅವ್ವಾ, ಮಿಣಿಮಿಣಿ ಮಾಡಾಕತ್ತದಲ್ಲ? ಹೆಸರು ಮುಗಿದ ಕೂಡ್ಲೆ ಅದಕ್ಕ ಹತ್ತಿ ನಿಂದರಬೇಕು. ಇಲ್ಲಿ ದೂರ ನಿಂತದ. ನಡುವ ಖಾಲಿ ಜಾಗ ಅದ."

"ಖಾಲಿ ಅಂದ್ರ ಏನೂ ಇಲ್ಲಲ್ಲ?"

"ನಮಗ ಏನೂ ಇಲ್ಲ. ಮಷೀನಿಗೆ ಅದೂ ಒಂದು ಅಕ್ಷರ. ಭೀಮಶ್ಯಾ ಒಬ್ಬ, ಭೀಮಶ್ಯಾ ಮತ್ತ ಖಾಲಿ ಜಾಗ ಇನ್ನೊಬ್ಬ. ಅದು ಹಂಗ ತಿಳಕೋತದ."

"ಅಳಸವ್ವಾ ಹಂಗಾರ! ಒಂದು ಗುಂಡಿ ಒತ್ತಿದ್ರ ಹೋಗ್ತದಲ್ಲ!"

ಹುಡುಗಿ ಅಳಿಸಿದಳು. ಗೀಟು ಬಂದು ಹೆಸರಿಗೆ ಹತ್ತಿ ನಿಂತಿತು. ಅನಸುಬಾಯಿ ಕೈ ಮುಗಿದಳು. ಹುಡುಗಿ ಉಳಿಸುವ ಗುಂಡಿ ಒತ್ತಿದಳು. ಪರದೆ ಒಮ್ಮೆ ಮುಚ್ಚಿ ತೆರೆಯಿತು. ಗೀಟು ಮತ್ತೆ ದೂರ ಹೋಗಿ ನಿಂತಿತ್ತು. ಮತ್ತೆ ಅಳಿಸಿದಳು. ಮತ್ತೆ ಬಂತು.

ತಾಜುನ್ನಿಸಾ ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡು ನಿಧಾನ ಹೇಳಿದಳು. ಕಂಪ್ಯೂಟರಿನಲ್ಲಿ ಹೆಸರು ತುಂಬಲು ಒಂದು ಮನೆ, ಅಡ್ಡಹೆಸರಿಗೊಂದು ಮನೆ. ಎರಡನ್ನೂ ಅದು ತಾನೇ ಕೂಡಿಸುತ್ತದೆ. ಹೆಸರು, ಒಂದು ಖಾಲಿ ಜಾಗ, ಅಡ್ಡಹೆಸರು. ಅಡ್ಡಹೆಸರು ಇದ್ದವರದು ಸರಿಹೋಗುತ್ತದೆ. ಇಲ್ಲದವರಿಗೆ ಹೆಸರಿನ ಮುಂದೆ ಆ ಖಾಲಿ ಜಾಗವಷ್ಟೇ ಉಳಿಯುತ್ತದೆ. ಎಷ್ಟು ಸಲ ಅಳಿಸಿದರೂ ಅದು ತಾನೇ ಮತ್ತೆ ಹಾಕುತ್ತದೆ.

"ಬೆಂಗಳೂರಿಗೆ ಬರದು ಹಾಕ್ತೀನಿ," ಅಂದಳು. ಬರೆದೂ ಹಾಕಿದಳು. ದೂರು ಬಗೆಹರಿದಿದೆ ಅಂತ ಉತ್ತರ ಬಂತು. ಏನು ಬಗೆಹರಿಯಿತೋ ಆ ಪುಣ್ಯಾತ್ಮರಿಗೇ ಗೊತ್ತು.

ಈಗ ಅಡ್ಡಹೆಸರಿನ ಕಥೆ ಹೇಳಬೇಕು.

ಭೀಮಶ್ಯಾ ಹುಟ್ಟಿದ್ದು ಚಿಂಚೋಳಿ ಕಡೆಯ ಒಂದು ಹಳ್ಳಿಯಲ್ಲಿ. ಅಪ್ಪ ಗೌಡರ ಮನೆಯ ಜೀತದಾಳು. ಅಲ್ಲಿ ಅವರ ಮನೆತನಕ್ಕೆ ಹೆಸರೆಂಬುದೇ ಇರಲಿಲ್ಲ, ಜಾತಿಯನ್ನೇ ಹೆಸರು ಮಾಡಿ ಕರೆಯುತ್ತಿದ್ದರು. ಸಾಲೆಗೆ ಹಾಕಿದಾಗ ಮಾಸ್ತರ ಕೂಡ ಅದನ್ನೇ ಬರೆದ. ಹುಡುಗನ ಹೆಸರಿಗೆ ಆ ಶಬ್ದ ಅಂಟಿಸಿ ಬರೆದ. ಹಾಜರಿ ಕೂಗುವಾಗ ಬರೇ ಆ ಶಬ್ದವನ್ನೇ ಕೂಗುತ್ತಿದ್ದ. ಆ ಶಬ್ದವನ್ನು ಇಲ್ಲಿ ಬರೆಯುವುದಿಲ್ಲ. ಗೊತ್ತಿದ್ದವರಿಗೆ ಗೊತ್ತು. ಭೀಮಶ್ಯಾ ಸಾಲೆ ಬಿಟ್ಟ, ಊರು ಬಿಟ್ಟ, ಖಣಿಗೆ ಬಂದ. ಮುಂದೆ ಭಂಕೂರಿನ ಓಣಿಯವರೊಂದಿಗೆ ಬಿಳಿ ಅಂಗಿ ತೊಟ್ಟು ಬೌದ್ಧ ದೀಕ್ಷೆ ತಗೊಂಡ. ಅವತ್ತು ಆ ಶಬ್ದವನ್ನು ಉಗುಳಿದೆ ಅಂತ ಹೇಳುತ್ತಿದ್ದ.

ಕಾರ್ಡು ಮಾಡುವ ಕ್ಯಾಂಪು ಖಣಿಯ ದಂಡೆಗೇ ಬಂದಿತ್ತು. ಬೇವಿನ ಗಿಡದ ಕೆಳಗೆ ಟೇಬಲ್ಲು, ಅದರ ಮೇಲೆ ಕಂಪ್ಯೂಟರು. ಬರೆಯುವವನು ಕೇಳಿದ:

"ಅಡ್ಡಹೆಸರು?"

"ಇಲ್ಲ."

"ಊರಾಗ ಏನಂತಾರ? ಅದನ್ನೇ ಹೇಳು."

"ಊರಾಗ ಅನ್ನೋದನ್ನ ಊರಾಗೇ ಬಿಟ್ಟು ಬಂದೀನಿ. ಭೀಮಶ್ಯಾ ಅಂತ ಬರಿ. ಸಾಕು."

ಬರೆಯುವವನು ಹಲ್ಲು ಕಿಸಿದು ಆ ಮನೆಯನ್ನು ಖಾಲಿ ಬಿಟ್ಟ. ಹಿಂದೆ ನಿಂತಿದ್ದ ಓಣಿಯವರು ಭೀಮಶ್ಯಾನನ್ನು ನೋಡಿದರು. ಒಬ್ಬೊಬ್ಬರಾಗಿ ಅವರೂ ಹಾಗೇ ಹೇಳಿದರು. ಇಲ್ಲ. ಇಲ್ಲ. ಇಲ್ಲ. ಅವತ್ತು ಓಣಿಯಲ್ಲಿ ಹಬ್ಬದ ಹಾಗಿತ್ತು. ಕಾಗದದ ಮೇಲಾದರೂ ಗೆದ್ದೆವು ಅಂತ ಎಲ್ಲರಿಗೂ ಹುಮ್ಮಸ್ಸು. ಅದೇ ಖಾಲಿ ಮನೆ ಈಗ ಇಡೀ ಓಣಿಗೆ ಸುತ್ತಿಕೊಂಡಿತ್ತು.

ಬೇರೆಯವರಿಗೇನೂ ತೊಂದರೆ ಇರಲಿಲ್ಲ. ಖಣಿ ಗುತ್ತಿಗೆದಾರ ಸಿದ್ದಲಿಂಗೇಶನ ತಾಯಿಗೂ ಖಣಿ ಕಾರ್ಮಿಕಳೆಂಬ ಕಾರ್ಡಿತ್ತು ನೋಡಿ! ಆಕೆ ಜನ್ಮದಲ್ಲಿ ಒಂದು ಜಲ್ಲಿ ಎತ್ತಿದವಳಲ್ಲ. ಆದರೆ ಉದ್ದನೆಯ ಮನೆತನದ ಹೆಸರಿತ್ತು. ಮಷೀನು ತಕ್ಷಣ ಒಪ್ಪಿತು. ಉಬ್ಬಸಕ್ಕೆ ಗಾಳಿ ಮಷೀನು ಮನೆಗೇ ಬಂತು. ಅನಸುಬಾಯಿ ಆ ಮನೆಯ ಹಿತ್ತಲು ಬಳಿಯಲು ಹೋದಾಗ ಅದರ ಗುರ್ ಗುರ್ ಸದ್ದು ಕೇಳಿದಳು. ಕಸಬರಿಗೆ ಕೈಯಲ್ಲೇ ಹಿಡಿದು ನಿಂತುಬಿಟ್ಟಳು. ಒಳಗೆ ನುಗ್ಗಿ ಅದನ್ನು ಹೊತ್ತು ಓಡಲೇನು ಅನ್ನಿಸಿತು. ಓಡಲಿಲ್ಲ. ಹಿತ್ತಲು ಬಳಿದು ಬಂದಳು.

ಮರುದಿನ ಕಚೇರಿಯ ಸಾಹೇಬ ಸಂಗಮೇಶ್ವರನ ಮುಂದೆ ಹೋಗಿ ನಿಂತಳು. ಆತ ಮೃದು ಮಾತಿನ ಮನುಷ್ಯ. ಹಣೆತುಂಬ ವಿಭೂತಿ.

"ಕುಂದ್ರಿ ಅವ್ವಾ. ತಾಜುನ್ನಿಸಾ ಎಲ್ಲ ಹೇಳ್ಯಾಳ. ಇದಕ್ಕ ಒಂದೇ ದಾರಿ ಅದ. ಆ ಖಾಲಿ ಮನಿ ತುಂಬಬೇಕು. ಅಡ್ಡಹೆಸರು ಬರಸ್ರಿ. ಆಧಾರಿನ್ಯಾಗೂ ಅದನ್ನೇ ಸೇರಸೂಣು. ಅದನ್ನ ಮಾಡಾವ ಇಲ್ಲೇ ವರಾಂಡದಾಗ ಕುಂದರ್ತಾನ. ಎರಡೂ ಒಂದಾದ್ರ ಮಷೀನು ನಿಮ್ಮದು."

"ಭಂಕೂರ ಅಂತ ಬರಕೋರಿ ಹಂಗಾರ."

"ನಾನು ಬರಕೊಂಡ್ರ ಆಗಂಗಿಲ್ಲ. ದಾಖಲೆ ಬೇಕು. ನಿಮ್ಮ ಮನಿಯವ್ರ ಹಳಿ ಕಾಗದದಾಗ ಅಡ್ಡಹೆಸರು ಏನದ?"

ಸಾಲೆಯ ಕಾಗದ ಒಂದೇ ಇತ್ತು. ಅನಸುಬಾಯಿ ತೆಗೆದು ಕೊಟ್ಟಳು. ಸಂಗಮೇಶ್ವರ ಓದಿದ. ಮುಖದ ಮೇಲೆ ಏನೂ ಕಾಣಿಸಲಿಲ್ಲ.

"ಅದ ನೋಡ್ರಿ ಇದ್ರಾಗ. ಇದನ್ನೇ ಹಾಕೂಣು."

"ಸಾಹೇಬ್ರ, ಅದು ಬೈಗುಳರಿ."

"ಹಂಗ್ಯಾಕ ತಿಳಕೋತೀರಿ? ನಾವು ಶರಣರ ಮಂದಿ, ಜಾತಿ ಗೀತಿ ನೋಡಂಗಿಲ್ಲ. ನನಗ ಇದು ಬರೇ ಅಡ್ಡಹೆಸರು. ಮಷೀನಿಗೂ ಅಷ್ಟೇ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅನಸುಬಾಯಿ ನೆಲ ನೋಡಿದಳು. ನೆಲಕ್ಕೆ ಫರ್ಸಿ ಹಾಸಿತ್ತು. ಗಂಡನ ಬೆನ್ನಿನ ಎಲುಬು ನೆನಪಾದವು. ಅವನ ಉಗುರು ನೀಲಿಯಾಗಿದ್ದು ನೆನಪಾಯಿತು. ಶಬ್ದ ಹೋಗಲಿ ಸುಡುಗಾಡಿಗೆ, ಗಂಡ ಉಳಿಯಲಿ ಅನ್ನಿಸಿತು.

"ಬರಕೋರಿ," ಅಂದಳು.

"ನೀವಂದ್ರ ನಡೆಯಂಗಿಲ್ಲ. ಅವ್ರೇ ಬರ್ಬೇಕು. ಬಾಯಿಲೆ ಹೇಳ್ಬೇಕು, ಹೆಬ್ಬೆಟ್ಟು ಒತ್ಬೇಕು."

ಓಣಿಗೆ ಬಂದರೆ ಅಲ್ಲಿ ಬೇರೆ ರಗಳೆ. ಪಕ್ಕದ ಮನೆಯ ಸಾಯಿಕುಮಾರನಿಗೂ ಕೆಮ್ಮು ಹತ್ತಿತ್ತು. ಇನ್ನೂ ಮೂವತ್ತು ದಾಟದ ಹುಡುಗ. ಅವನ ಹೆಂಡತಿ ಲುಂಬಿನಿ ನೀರಿನ ಕೊಡ ಇಳಿಸದೇ ಕೇಳಿದಳು:

"ಏನಂದ್ರು ಅತ್ತಿ?"

ಅನಸುಬಾಯಿ ಹೇಳಿದಳು. ಲುಂಬಿನಿ ಕೊಡ ಕೆಳಗಿಟ್ಟಳು. ಆಮೇಲೆ ಅಂದಳು: "ಮಾವ ಅವತ್ತು ಹಂಗ ಅನ್ನದೇ ಇದ್ರ ನಮ್ಮವ್ರೂ ಖಾಲಿ ಬಿಡಸ್ತಿರ್ಲಿಲ್ಲ." ಸಿಟ್ಟಿನಿಂದ ಅನ್ನಲಿಲ್ಲ. ಅದಕ್ಕೇ ಅದು ಹೆಚ್ಚು ನಟ್ಟಿತು.

ಅನಸುಬಾಯಿ ಗಂಡನಿಗೆ ಪೂರ್ತಿ ಹೇಳಲಿಲ್ಲ. ಹೆಬ್ಬೆಟ್ಟು ಒತ್ತಿ ಬರೂಣು ಅಂದಳಷ್ಟೇ. ಖಾಜಾಮಿಯಾನ ಆಟೋದಲ್ಲಿ ಕೂಡಿಸಿಕೊಂಡು ವಾಡಿ ದಾಟಿ ಚಿತ್ತಾಪುರಕ್ಕೆ ಒಯ್ದಳು. ದಾರಿಯಲ್ಲಿ ಲಾರಿಗಳ ಧೂಳು. ಭೀಮಶ್ಯಾ ಅವಳ ಭುಜಕ್ಕೆ ಹಣೆ ಹಚ್ಚಿ ಉಸಿರೆಳೆಯುತ್ತಿದ್ದ. ಕಚೇರಿಯ ಮೆಟ್ಟಿಲನ್ನು ಖಾಜಾಮಿಯಾ ಅವನನ್ನು ಹೊತ್ತೇ ಹತ್ತಿಸಿದ.

ಸಂಗಮೇಶ್ವರ ಖುರ್ಚಿ ಹಾಕಿಸಿದ. ನೀರೂ ತರಿಸಿದ. ಕಾಗದದ ಲೋಟದಲ್ಲಿ ತರಿಸಿದ; ತಾನು ಸ್ಟೀಲಿನ ಲೋಟದಲ್ಲಿ ಕುಡಿಯುತ್ತಿದ್ದ. ಇರಲಿ, ಅದೇನು ಹೊಸದೇ.

"ಭೀಮಶ್ಯಾ, ನಿನ್ನ ಅಡ್ಡಹೆಸರು ಹೇಳಪಾ. ಈ ಹುಡುಗಿ ಬರಕೋತಾಳ."

ಭೀಮಶ್ಯಾ ಹೆಂಡತಿಯ ಕಡೆ ನೋಡಿದ. ಅವಳು ಮುಖ ತಿರುಗಿಸಿದಳು. ಟೇಬಲ್ಲಿನ ಮೇಲೆ ಸಾಲೆಯ ಕಾಗದ ಬಿದ್ದಿತ್ತು. ಅವನಿಗೆ ಎಲ್ಲ ತಿಳಿಯಿತು. ಕೆಮ್ಮು ಬಂತು. ಬಗ್ಗಿ, ಮೊಣಕಾಲು ಹಿಡಿದು, ಕಣ್ಣು ಹೊರಗೆ ಬರುವ ಹಾಗೆ ಕೆಮ್ಮಿದ. ಕೆಮ್ಮು ಇಳಿದ ಮೇಲೆ ಒಂದೊಂದೇ ಮಾತು ಕಿತ್ತು ಹೊರಗೆ ಹಾಕಿದ.

"ಇಲ್ಲ."

"ಏನಿಲ್ಲ?"

"ಅಡ್ಡಹೆಸರು... ಇಲ್ಲ."

ಅನಸುಬಾಯಿ ಅವನ ಕಾಲು ಹಿಡಿದುಕೊಂಡಳು. "ಹೇಳ್ರಿ! ನನ್ನ ಸಲುವಾಗಿ ಹೇಳ್ರಿ! ಒಂದು ಶಬ್ದರಿ, ಹೇಳಿದ್ರ ಏನು ಹರದು ಹೋಗ್ತದ? ಜೀವ ಉಳೀತದಲ್ಲ!"

ಭೀಮಶ್ಯಾ ಅವಳ ತಲೆಯ ಮೇಲೆ ಕೈ ಇಟ್ಟ. ಕಲ್ಲು ಹಿಡಿದು ಹಿಡಿದು ಒರಟಾದ ಕೈ.

"ಆ ಹೆಸರಿಲೆ... ಬದುಕೂದು... ಹ್ಯಾಂಗಂತ... ಗೊತ್ತದ ನನಗ. ಅನಸೂ... ಮನಿಗೆ... ನಡಿ."

ಸಂಗಮೇಶ್ವರನಿಗೆ ಈಗ ಸಿಟ್ಟು ಬಂತು. "ಇಷ್ಟು ಸೊಕ್ಕು ಇದ್ದವ್ರು ಇಲ್ಲಿಗ್ಯಾಕ ಬರ್ತೀರಿ? ನಾವು ಬೇಕಂತ ಮಾಡ್ತೀವೇನು? ಸಿಸ್ಟಮ್ ಹಂಗದ!" ಅಂದ. ಖಾಜಾಮಿಯಾ ಮತ್ತೆ ಹೊತ್ತು ಇಳಿಸಿದ.

ಅವತ್ತಿನಿಂದ ಅನಸುಬಾಯಿ ಗಂಡನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವಳಿಗೆ ಅವನ ಮೇಲೆ ಸಿಟ್ಟಿತ್ತು. ಹೆಮ್ಮೆಯೂ ಇತ್ತು. ಸಿಟ್ಟೇ ಹೆಚ್ಚಿತ್ತು. ಗಂಜಿ ಕುಡಿಸುವಳು, ಬೆನ್ನು ತಿಕ್ಕುವಳು, ಬಾಯಿ ಬಿಡಳು. ನೀವು ಗೆದ್ರಿ, ನನ್ನ ಗತಿ ಏನು ಅಂತ ಕೇಳಬೇಕು ಅಂತಿದ್ದಳು. ಕೇಳಲು ಆಗಲೇ ಇಲ್ಲ. ಬೇಸಿಗೆ ಏರಿದ ಒಂದು ಮಧ್ಯಾಹ್ನ, ಅವಳು ನೀರು ತರಲು ಹೋಗಿ ಬರುವುದರೊಳಗೆ, ಭೀಮಶ್ಯಾ ಗೋಡೆಗೆ ಕೂತವನು ಕೂತ ಹಾಗೇ ಹೋಗಿಬಿಟ್ಟಿದ್ದ. ಬಾಯಿ ತೆರೆದಿತ್ತು. ಗಾಳಿ ಹುಡುಕುತ್ತಲೇ ಸತ್ತಿದ್ದ. ಅನಸುಬಾಯಿ ಕೊಡ ಒಗೆದು ಅವನ ಎದೆ ಗುದ್ದಿದಳು. "ಒಂದು ಶಬ್ದ ಹೇಳ್ಬಾರದಾಗಿತ್ತೇನೋ!" ಅಂತ ಒದರಿದಳು. ಮದುವೆಯಾದಾಗಿನಿಂದ ಗಂಡನಿಗೆ ಏಕವಚನ ಆಡಿದವಳಲ್ಲ. ಅವತ್ತು ಆಡಿದಳು.

ಮಣ್ಣು ಮಾಡಿ, ದಿನ ಮಾಡಿ, ಸಾವು ಬರೆಸಲು ಪಂಚಾಯಿತಿಗೆ ಹೋದಳು. ಲುಂಬಿನಿ ಜೊತೆಗೆ ಬಂದಳು. ಅಲ್ಲಿ ಯಾರೂ ಅಡ್ಡಹೆಸರು ಕೇಳಲಿಲ್ಲ. ಭೀಮಶ್ಯಾ ಅಂದಳು, ಭೀಮಶ್ಯಾ ಅಂತ ಬರೆದುಕೊಂಡರು. ಅಷ್ಟೇ. ಹೊರಗೆ ಬರುವುದರೊಳಗೆ ಅನಸುಬಾಯಿಯ ಸೊಂಟದಲ್ಲಿದ್ದ ಮೊಬೈಲು ಟಿಣ್ ಅಂದಿತು. ಲುಂಬಿನಿ ಓದಿದಳು. ಓದುತ್ತ ಅವಳ ದನಿ ಸಣ್ಣಗಾಯಿತು.

"ಖಣಿ ಕಾರ್ಮಿಕ ಭೀಮಶ್ಯಾ ಅವರ ಮರಣ ದಾಖಲಾಗಿದೆ. ಹೆಸರು ತಾಳೆಯಾಗಿದೆ. ಕಾರ್ಡು ರದ್ದುಪಡಿಸಲಾಗಿದೆ."

"ಏನಾಗ್ಯದ?"

"ತಾಳೆ ಆಗ್ಯದಂತ ಅತ್ತಿ."

ಅನಸುಬಾಯಿ ಅಲ್ಲಿಂದಲೇ ಚಿತ್ತಾಪುರದ ಬಸ್ಸು ಹತ್ತಿದಳು. ಲುಂಬಿನಿಯೂ ಹತ್ತಿದಳು. ಸಾಯಿಕುಮಾರನ ಕಾರ್ಡು, ಕಾಗದ ಅವಳ ಬ್ಯಾಗಿನಲ್ಲೇ ಇದ್ದವು. ಕೌಂಟರಿಗೆ ಹೋಗಿ ಅನಸುಬಾಯಿ ಮೊಬೈಲು ಕಟ್ಟೆಯ ಮೇಲೆ ಇಟ್ಟಳು. ತಾಜುನ್ನಿಸಾ ಓದಿ ತಲೆ ತಗ್ಗಿಸಿದಳು.

"ಈಗ ಹ್ಯಾಂಗ ತಾಳೆ ಆತವ್ವಾ? ಹೇಳು. ನೀನೇ ಹೇಳು."

"ಸತ್ತವ್ರನ್ನ ಹುಡುಕೋ ಮಷೀನು ಬ್ಯಾರೆ ಅದ ಅವ್ವಾ." ಹುಡುಗಿಯ ಕಣ್ಣು ತುಂಬಿದ್ದವು. "ಅದು ಹೆಸರಿನ ಮುಂದಿನ ಖಾಲಿ ಜಾಗ ಕತ್ತರಸಿ ನೋಡ್ತದ. ಸತ್ತವ್ರ ಕಾರ್ಡ್ ಒಂದೂ ತಪ್ಪಿಸ್ಕೋಬಾರದು, ಸರಕಾರಕ್ಕ ಲುಕ್ಸಾನ್ ಆಗ್ಬಾರದು ಅಂತ ಹಂಗ ಮಾಡ್ಯಾರ."

"ಬದುಕಿದ್ದವ್ರಿಗೆ ಯಾಕ ಮಾಡಿಲ್ಲ?"

ಹುಡುಗಿ ಮೊಬೈಲನ್ನು ಮೆಲ್ಲಗೆ ಅನಸುಬಾಯಿಯ ಕಡೆ ಸರಿಸಿದಳು.

ಗದ್ದಲ ಕೇಳಿ ಸಂಗಮೇಶ್ವರ ಹೊರಗೆ ಬಂದ. ಆಗಬಾರದಿತ್ತು, ಭಾಳ ಕೆಟ್ಟ ಆತು ಅಂದ. ಹಾಗೆ ಅನ್ನುತ್ತಲೇ ಕೈ ಚಾಚಿದ. "ಆ ಕಾರ್ಡು ರದ್ದಾಗ್ಯದ ಅವ್ವಾ. ಕಚೇರಿಗೆ ಜಮಾ ಮಾಡ್ಬೇಕಾಗ್ತದ."

"ಕೊಡಂಗಿಲ್ಲ."

"ನಿಯಮ ಅದರಿ."

"ಬದುಕಿದ್ದಾಗ ಇವನ್ಯಾರೋ ಗೊತ್ತಿಲ್ಲ ಅಂದ್ರಿ. ಸತ್ತ ಮ್ಯಾಲ ಗುರ್ತು ಹಿಡದ್ರಿ. ಇಷ್ಟನ್ನ ಒಂದು ಕಾಗದದ ಮ್ಯಾಲ ಬರದು, ಸಹಿ ಮಾಡಿ, ಶಿಕ್ಕಾ ಹೊಡದು ಕೊಡ್ರಿ. ಅವಾಗ ಕೊಡ್ತೀನಿ."

ಸಂಗಮೇಶ್ವರ ಜವಾನನಿಗೆ ಸನ್ನೆ ಮಾಡಿದ. ಜವಾನ ಮುಟ್ಟದ ಹಾಗೆ ಅಡ್ಡ ಬಂದು ಅವಳನ್ನು ಗೋಡೆಯ ಕಡೆ ಸರಿಸಿದ. ಕಾರ್ಡನ್ನು ಅನಸುಬಾಯಿ ರವಿಕೆಯೊಳಗೆ ತುರುಕಿಕೊಂಡಳು. ಯಾರೂ ಏನೂ ಬರೆದು ಕೊಡಲಿಲ್ಲ. ಸಾಲು ಮುಂದೆ ಸರಿಯಿತು.

ಲುಂಬಿನಿಯ ಪಾಳಿ ಬಂತು. ಬ್ಯಾಗಿನಿಂದ ಒಂದು ಚೀಟಿ ತೆಗೆದಿಟ್ಟಳು. ಗಂಡ ಎದ್ದು ಬರುವ ಹಾಗಿಲ್ಲ, ಅವರ ಹೆಬ್ಬೆಟ್ಟಿನ ಒಪ್ಪಿಗೆ ತಂದೀನಿ ಅಂದಳು. ಅನಸುಬಾಯಿಗೆ ಇದು ಗೊತ್ತಿರಲಿಲ್ಲ. ಸಂಗಮೇಶ್ವರ ಚೀಟಿ ನೋಡಿ, ಈ ಸಲ ನಡೀತದ ಅಂದ. ಒಂದು ಸಾವಾದ ಮೇಲೆ ಅಷ್ಟು ಸಡಿಲಾಗಿದ್ದ.

"ಅಡ್ಡಹೆಸರು?"

ಲುಂಬಿನಿ ತಿರುಗಿ ಗೋಡೆಯ ಹತ್ತಿರ ನಿಂತಿದ್ದ ಅನಸುಬಾಯಿಯನ್ನು ನೋಡಿದಳು. ಹೇಳಬ್ಯಾಡ ಅನ್ನುವ ಮಾತು ಅನಸುಬಾಯಿಯ ಗಂಟಲವರೆಗೆ ಬಂತು. ಭೀಮಶ್ಯಾನ ತೆರೆದ ಬಾಯಿ ನೆನಪಾಯಿತು. ಮಾತು ಅಲ್ಲೇ ನಿಂತಿತು. ಅವಳೇ ಕಣ್ಣು ಕೆಳಗೆ ಹಾಕಿದಳು.

ಲುಂಬಿನಿ ಆ ಶಬ್ದ ಹೇಳಿದಳು. ತುಟಿ ಅಲ್ಲಾಡಿತಷ್ಟೇ.

"ಕೇಳಸಂಗಿಲ್ಲವ್ವಾ," ಅಂದ ಸಂಗಮೇಶ್ವರ. "ತಪ್ಪು ಬರಕೊಂಡ್ರ ಮತ್ತ ನೀವೇ ಅಲಿದಾಡ್ತೀರಿ. ಜೋರಾಗಿ ಹೇಳ್ರಿ."

ಲುಂಬಿನಿ ಜೋರಾಗಿ ಹೇಳಿದಳು.